ಎರಡು ಮಳೆಗಾಲ ಕಂಡ ನಮ್ಮ ಲ್ಯಾಬಿನ ಪ್ಯಾಕೇಜ್ ಕಣಜ

ಮೂಡಿಗೆರೆಯಲ್ಲಿ ಹನ್ನೆರಡು ಕಂಪ್ಯೂಟರಿನ ಪುಟ್ಟ ತರಬೇತಿ ಕೇಂದ್ರ ನನ್ನದು. ಎಲ್ಲದರಲ್ಲೂ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆ. ಮಳೆ ಹಿಡಿಯಿತೆಂದರೆ ಮರ ಉರುಳಿ ಕೇಬಲ್ ಹರಿಯುತ್ತದೆ, ಇಂಟರ್ನೆಟ್ ಆಸೆ ಬಿಡಬೇಕು. ಅದಕ್ಕೇ ಹಳೇ ಡೆಸ್ಕ್‌ಟಾಪಿಗೆ 1 ಟಿಬಿ ಡಿಸ್ಕ್ ಹಾಕಿ, ಡೆಬಿಯನ್ ಭಂಡಾರದ ನಕಲು (ಮಿರರ್) ತರುವ ಆಪ್ಟ್-ಮಿರರ್‌ನಿಂದ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು ಇಳಿಸಿ, ಒಂದು ಯಂತ್ರದ ಫೋಲ್ಡರನ್ನು ಉಳಿದವಕ್ಕೂ ಕಾಣಿಸುವ ಎನ್‌ಎಫ್‌ಎಸ್ ಮೂಲಕ ಹಂಚಿದೆ. ಡಿಸ್ಕ್ ಬಿಟ್ಟರೆ ಬೇರೆ ಖರ್ಚಾಗಲಿಲ್ಲ.

ಆ ಹಳೇ ಡೆಸ್ಕ್‌ಟಾಪೇ ನಮ್ಮ ಸರ್ವರ್, ಬೆಳಿಗ್ಗೆ ಷಟರ್ ಎತ್ತಿ ಮೊದಲು ಅದನ್ನು ಹಚ್ಚುತ್ತೇನೆ. ಸ್ವಿಚ್ಚಿನ ಹಸಿರು ದೀಪಗಳು ಒಂದೊಂದಾಗಿ ಮಿನುಗುವಷ್ಟರಲ್ಲಿ ಎದುರಿನ ಹೋಟೆಲಿನಿಂದ ಕಾಫಿ ಬರುತ್ತದೆ. ಲೋಟ ಖಾಲಿಯಾದ ಮೇಲೆ ಮಕ್ಕಳ ಸಾಲಿನ ಸರದಿ. ಹೊರಗೆ ಮಳೆ ಬಾರಿಸುತ್ತಿರುವಾಗ ಇಂಟರ್ನೆಟ್ಟಿಲ್ಲದೆ ಗುಬ್ಬಿ, ನವಿಲು ಕನ್ನಡ ಫಾಂಟುಗಳು ಹನ್ನೆರಡೂ ಯಂತ್ರಗಳಲ್ಲಿ ಕ್ಷಣದಲ್ಲಿ ಕೂತಾಗ ಆದ ಸಂತೋಷ ಇನ್ನೂ ನೆನಪಿದೆ. ಪ್ಯಾಕೇಜು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟಿನಲ್ಲಿ 'ಫೈಲ್' ವಿಳಾಸ ಕೊಟ್ಟಿರುವುದರಿಂದ, ಪ್ಯಾಕೇಜು ಕೂರಿಸುವ ಆಪ್ಟ್ ನೇರವಾಗಿ ಹಂಚಿದ ಫೋಲ್ಡರಿನಿಂದಲೇ ಓದುತ್ತದೆ, ಪ್ರತಿ ಯಂತ್ರದಲ್ಲೂ ನಕಲು ಇಡುವುದಿಲ್ಲ. ನಮ್ಮ ಸಣ್ಣ ಎಸ್‌ಎಸ್‌ಡಿಗಳಿಗೆ ಅದೇ ದೊಡ್ಡ ಉಪಕಾರ.

ಆದರೆ ಮೊದಲ ವರ್ಷ ಒಂದು ತೊಂದರೆ ನನ್ನನ್ನು ಸಾಕುಸಾಕು ಮಾಡಿತು. ಕರೆಂಟ್ ಹೋದಾಗ ಮಕ್ಕಳ ಯಂತ್ರಗಳು ಯುಪಿಎಸ್ ಮೇಲೆ ಉಳಿಯುತ್ತಿದ್ದವು, ಸರ್ವರ್ ಆರುತ್ತಿತ್ತು. "ಸರ್, ಮತ್ತೆ ನಿಂತೋಯ್ತು" ಅಂತ ಹಿಂದಿನ ಸಾಲಿನಿಂದ ಕೂಗು. ಆಪ್ಟ್ ಮಾತ್ರವಲ್ಲ, ಡಿಸ್ಕಿನ ಜಾಗ ತೋರಿಸುವ 'ಡಿಎಫ್' ಆದೇಶವೂ ಕದಲುತ್ತಿರಲಿಲ್ಲ. ಎನ್‌ಎಫ್‌ಎಸ್ ತಾನಾಗಿ 'ಹಾರ್ಡ್' ರೀತಿಯಲ್ಲಿ ಮೌಂಟ್ ಆಗುತ್ತದೆ, ಅಂದರೆ ಯಂತ್ರಕ್ಕೆ ಜೋಡಿಸಿಕೊಳ್ಳುತ್ತದೆ. ಸರ್ವರ್ ಮರಳುವವರೆಗೆ ಬಿಡದೆ ಕೇಳುತ್ತಲೇ ಇರುತ್ತದೆ. ಬರೆಯುವ ಕಡತಗಳಿಗೆ ಅದು ಸರಿ, ಬರೀ ಓದುವ ಭಂಡಾರಕ್ಕೆ ಶಿಕ್ಷೆ. ಪಾಠ ಅರ್ಧಕ್ಕೆ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಿದ ದಿನ ಇದನ್ನೆಲ್ಲ ಕಿತ್ತುಹಾಕೋಣ ಅನ್ನಿಸಿತ್ತು.

ಕೊನೆಗೆ ಯಾವುದನ್ನು ಹೇಗೆ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದ ಸಾಲಿನಲ್ಲಿ ಓದಲು ಮಾತ್ರ, 'ಸಾಫ್ಟ್' (ಸ್ವಲ್ಪ ಕಾದು ಕೈಬಿಡು), 'ನೋಫೇಲ್' (ಮೌಂಟ್ ಆಗದಿದ್ದರೂ ಯಂತ್ರ ಶುರುವಾಗಲಿ), ಸಿಸ್ಟಮ್‌ಡಿ ಆಟೋಮೌಂಟ್ (ಬೇಕಾದಾಗಷ್ಟೇ ಮೌಂಟ್ ಆಗಲಿ) ಇಷ್ಟನ್ನೂ ಸೇರಿಸಿದೆ. ಅದೇ ಸಾಲಿನಲ್ಲಿ ಬರೆಯುವ, ಸರ್ವರಿನ ಉತ್ತರಕ್ಕೆ ಕಾಯುವ ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿರುತ್ತದೆ, ಐದು ಸೆಕೆಂಡಿಗೆ 50 ಎಂದು ಬರೆಯಬೇಕು. ಈಗ ಸರ್ವರ್ ಸತ್ತರೆ ಆಪ್ಟ್ ಸ್ವಲ್ಪ ಕಾದು ದೋಷ ತೋರಿಸುತ್ತದೆ, ಪಾಠ ಮುಂದುವರಿಯುತ್ತದೆ. ಈ ವರ್ಷದ ಮಳೆಗಾಲದಲ್ಲಿ ಒಂದು ತರಗತಿಯೂ ನಿಲ್ಲಲಿಲ್ಲ.

ಇನ್ನೊಂದು ಮಾತು. ಡೆಬಿಯನ್ನಿನ ಭದ್ರತಾ ವಿಭಾಗದಲ್ಲಿ ಪ್ಯಾಕೇಜು ಪಟ್ಟಿಗಳ ವಿವರ ಹೊತ್ತ ರಿಲೀಸ್ ಕಡತಕ್ಕೆ ವಾಯಿದೆ ಇರುತ್ತದೆ. ನಮ್ಮ ಭಂಡಾರ ಬಹಳ ದಿನ ಮೂಲದ ಜೊತೆ ಸಿಂಕ್ ಆಗದಿದ್ದರೆ ಆಪ್ಟ್ ಅದನ್ನು ಒಪ್ಪುವುದಿಲ್ಲ. ಆ ತಪಾಸಣೆಯನ್ನು ನಿಲ್ಲಿಸಬಹುದು, ನಾನು ನಿಲ್ಲಿಸಿಲ್ಲ. ನಮ್ಮ ಭಂಡಾರ ಹಳತಾಗಿದೆ ಎಂದು ನನಗೆ ಗೊತ್ತಾಗಬೇಕು.

ಮೂರು ನಾಲ್ಕು ಯಂತ್ರಗಳಷ್ಟೇ ಇದ್ದು ಇಂಟರ್ನೆಟ್ ಸರಿಯಿದ್ದರೆ ಇಷ್ಟು ಪಾಡು ಬೇಡ, ಒಮ್ಮೆ ಇಳಿಸಿದ್ದನ್ನು ಇಟ್ಟುಕೊಳ್ಳುವ ಆಪ್ಟ್-ಕ್ಯಾಷರ್-ಎನ್‌ಜಿ ಸಾಕು. ನಮ್ಮಂಥ ಮಲೆನಾಡಿನ ಲ್ಯಾಬಿಗೆ ಪೂರ್ತಿ ಮಿರರ್ರೇ ಸರಿ. ಈ ವ್ಯವಸ್ಥೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಡೆಬಿಯನ್ 13ರ ಪ್ಯಾಕೇಜುಗಳು ರಾತ್ರಿ ಹೊತ್ತು ಇಳಿಯುತ್ತಿವೆ, ಮುಂದಿನ ಮಳೆಗೆ ಮೊದಲು ಮುಗಿಯಬೇಕು.