ಅಳತೆಯ ಕೆಲಸಕ್ಕೆ ಜೆಕ್ವೆರಿ: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ಕನ್ನಡ ಲೇಖನಗಳ ಒಂದು ಜಾಲತಾಣದ ಮುಖಪುಟದಲ್ಲಿ ಅಕ್ಕಪಕ್ಕದ ಪೆಟ್ಟಿಗೆಗಳ ಎತ್ತರವನ್ನು ಸರಿಸಮಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಾಣದಲ್ಲಿ ಮೊದಲಿನಿಂದಲೂ ಜೆಕ್ವೆರಿ (ಜಾಲಪುಟದ ಭಾಗಗಳನ್ನು ಹುಡುಕಿ ಬದಲಿಸಲು ನೆರವಾಗುವ, ಜಾವಾಸ್ಕ್ರಿಪ್ಟ್ ಭಾಷೆಯ ಸಿದ್ಧ ಕೋಡ್ ಸಂಗ್ರಹ) ಇದ್ದುದರಿಂದ ಅಳೆಯುವುದನ್ನೂ ಬದಲಿಸುವುದನ್ನೂ ಅದರಲ್ಲಿಯೇ ಮಾಡಿದೆ. ಜಾನ್ ರೆಸಿಗ್ ಅವರು 2006ರಲ್ಲಿ ಹೊರತಂದ ಈ ಲೈಬ್ರರಿಯನ್ನು ಇಲ್ಲಿ ಅಳತೆಯ ಸಾಧನವಾಗಿ ಮಾತ್ರ ಪರಿಶೀಲಿಸಿದ್ದೇನೆ.

ಇದರ ದೊಡ್ಡ ಗುಣವೆಂದರೆ ಹೆಸರುಗಳ ಸ್ಪಷ್ಟತೆ. ಒಂದು ಎಲಿಮೆಂಟಿನ (ಪುಟದ ಒಂದು ಘಟಕದ) ಒಳಭಾಗ 200 ಪಿಕ್ಸೆಲ್ ಅಗಲವಿದ್ದು, ಎರಡೂ ಬದಿಗೆ 20ರಂತೆ ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ), 5ರಂತೆ ಬಾರ್ಡರ್ (ಅಂಚು), 10ರಂತೆ ಮಾರ್ಜಿನ್ (ಅಂಚಿನಾಚೆಯ ಖಾಲಿ ಜಾಗ) ಇದ್ದರೆ, ಜೆಕ್ವೆರಿಯ ವಿಡ್ತ್ ಎಂಬ ಫಂಕ್ಷನ್ 200 ಎನ್ನುತ್ತದೆ, ಇನ್ನರ್‌ವಿಡ್ತ್ 240, ಔಟರ್‌ವಿಡ್ತ್ 250 ಎನ್ನುತ್ತವೆ. ಔಟರ್‌ವಿಡ್ತ್‌ಗೆ ಟ್ರೂ ಎಂಬ ಬೆಲೆ ಕೊಟ್ಟರೆ ಮಾರ್ಜಿನ್ ಸೇರಿ 270 ಬರುತ್ತದೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ (ಅಂದರೆ ಅಗಲದಲ್ಲಿ ಪ್ಯಾಡಿಂಗ್, ಬಾರ್ಡರ್ ಸೇರುವಂತೆ) ಆಗಿದ್ದರೂ ವಿಡ್ತ್ ಒಳಭಾಗದ ಅಗಲವನ್ನೇ ಹೇಳುತ್ತದೆ. ಬ್ರೌಸರಿನ ಸ್ವಂತ ಆಫ್‌ಸೆಟ್‌ವಿಡ್ತ್ ಭಿನ್ನರಾಶಿಯನ್ನು ಪೂರ್ಣಾಂಕಕ್ಕೆ ತಂದುಬಿಡುತ್ತದೆ. ಜೆಕ್ವೆರಿಯಾದರೋ 2016ರ 3.0 ಆವೃತ್ತಿಯಿಂದೀಚೆಗೆ ಭಿನ್ನರಾಶಿಯನ್ನು ಉಳಿಸಿಕೊಡುತ್ತದೆ, ಸಾಲಾಗಿ ನಿಂತ ಪೆಟ್ಟಿಗೆಗಳಲ್ಲಿ ಕೊನೆಯದು ಅರ್ಧ ಪಿಕ್ಸೆಲ್ಲಿಗಾಗಿ ಕೆಳಗೆ ಜಾರುವ ಕಾಟ ಇದರಿಂದ ತಪ್ಪುತ್ತದೆ.

ಬದಲಿಸುವಾಗಲೂ ಅನುಕೂಲವಿದೆ. ಬರಿಯ ಜಾವಾಸ್ಕ್ರಿಪ್ಟಿನಲ್ಲಿ ಸ್ಟೈಲ್ ಮೂಲಕ 300 ಎಂದಷ್ಟೇ ಬರೆದರೆ, ಏಕಮಾನವಿಲ್ಲವೆಂದು ಬ್ರೌಸರ್ ಯಾವ ದೋಷವನ್ನೂ ತೋರಿಸದೆ ಅದನ್ನು ಕಡೆಗಣಿಸುತ್ತದೆ. ಜೆಕ್ವೆರಿ ಪಿಕ್ಸೆಲ್ ಎಂಬುದನ್ನು ತಾನೇ ಸೇರಿಸಿಕೊಳ್ಳುತ್ತದೆ. ಆದರೆ ವಿಡ್ತ್, ಹೈಟ್‌ಗಳಿಗೆ ಫಂಕ್ಷನ್ ಕೊಟ್ಟು ಬದಲಿಸುವ ಕ್ರಮವನ್ನು ನಾನು ಮೆಚ್ಚಲಾರೆ. ಅದು ಒಂದು ಎಲಿಮೆಂಟನ್ನು ಅಳೆದು ಬದಲಿಸಿ, ಮುಂದಿನದನ್ನು ಮತ್ತೆ ಅಳೆಯುತ್ತದೆ. ಪ್ರತಿ ಬದಲಾವಣೆಯ ಬೆನ್ನಿಗೇ ಅಳತೆ ಕೇಳಿದರೆ ಬ್ರೌಸರ್ ಪುಟದ ವಿನ್ಯಾಸವನ್ನು ಪ್ರತಿಸಲವೂ ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ. ನೂರಾರು ಪೆಟ್ಟಿಗೆಗಳಿದ್ದಲ್ಲಿ ಎಲ್ಲವನ್ನೂ ಮೊದಲು ಅಳೆದುಕೊಂಡು, ಆಮೇಲೆ ಒಟ್ಟಿಗೆ ಬರೆಯುವುದು ಸರಿಯಾದ ದಾರಿ.

ನನಗೆ ನಿಜವಾಗಿ ತೊಡಕಾದದ್ದು ಫಾಂಟಿನ ವಿಷಯದಲ್ಲಿ. ಪುಟ ತೆರೆದ ಕೂಡಲೇ ಎತ್ತರವನ್ನು ಅಳೆದು ನಿಗದಿಪಡಿಸಿದ್ದೆ. ತಡವಾಗಿ ಇಳಿದ ಕನ್ನಡ ಫಾಂಟಿನ ಅಕ್ಷರಗಳು ಹೆಚ್ಚು ಅಗಲವಾಗಿದ್ದುದರಿಂದ ಶೀರ್ಷಿಕೆಗಳು ಎರಡು ಸಾಲಿನಿಂದ ಮೂರಕ್ಕೆ ಬೆಳೆದು ಪೆಟ್ಟಿಗೆಯಿಂದ ಹೊರಚಾಚಿದವು. ಒಂದು ಎಲಿಮೆಂಟಿನ ಗಾತ್ರ ಬದಲಾದುದನ್ನು ತಿಳಿಸುವ ವ್ಯವಸ್ಥೆ ಜೆಕ್ವೆರಿಯಲ್ಲಿಲ್ಲ. ಅದರ ರಿಸೈಜ್ ಸೂಚನೆ ಬರುವುದು ಕಿಟಕಿಯ ಗಾತ್ರ ಬದಲಾದಾಗ. ಈ ಕೊರತೆಯನ್ನು ತುಂಬಿದ್ದು ಬ್ರೌಸರಿನಲ್ಲಿಯೇ ಇರುವ ರಿಸೈಜ್‌ಅಬ್ಸರ್ವರ್. 2018ರಲ್ಲಿ ಕ್ರೋಮ್‌ಗೆ ಬಂದ ಇದು 2020ರ ಹೊತ್ತಿಗೆ ಫೈರ್‌ಫಾಕ್ಸ್, ಸಫಾರಿಗಳಲ್ಲೂ ಸಿಕ್ಕಿತು. ಶೀರ್ಷಿಕೆಗಳನ್ನು ಇದರ ಕಾವಲಿಗೆ ಒಪ್ಪಿಸಿದ ಮೇಲೆ ಫಾಂಟ್ ಯಾವಾಗ ಬಂದರೂ ಪೆಟ್ಟಿಗೆಗಳು ಸರಿಹೊಂದಿಕೊಳ್ಳುತ್ತಿವೆ.

ಹೀಗಾಗಿ, ಜೆಕ್ವೆರಿ ಈಗಾಗಲೇ ಇರುವ ತಾಣದಲ್ಲಿ ಅದರ ಅಳತೆಗಳನ್ನು ನಂಬಿ ಬಳಸಬಹುದು. ಹೊಸ ತಾಣಕ್ಕೆ ಕೇವಲ ಅಳೆಯುವುದಕ್ಕಾಗಿ, ಕುಗ್ಗಿಸಿದ ಮೇಲೂ ಸುಮಾರು 30 ಕಿಲೋಬೈಟ್ ತೂಗುವ ಲೈಬ್ರರಿಯನ್ನು ತರುವುದು ನನಗೆ ಒಪ್ಪಿಗೆಯಿಲ್ಲ. ಬ್ರೌಸರಿನಲ್ಲಿಯೇ ಇರುವ, ಎಲಿಮೆಂಟಿನ ಅಳತೆ ಕೊಡುವ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಮತ್ತು ರಿಸೈಜ್‌ಅಬ್ಸರ್ವರ್ ಸಾಕು. ಆದರೆ ಇವುಗಳಲ್ಲಿ ಯಾವುದೂ ಒತ್ತಕ್ಷರವನ್ನು ಕಾಣುವುದಿಲ್ಲ. ಸಾಲಿನ ಅಂತರ ಬಿಗಿಯಾಗಿದ್ದು ಹೆಚ್ಚಾದುದನ್ನು ಮರೆಮಾಡುವಂತೆ ಸಿಎಸ್‌ಎಸ್ ಬರೆದಿದ್ದರೆ, "ರಾಷ್ಟ್ರ" ಎಂಬ ಪದದ ಕೆಳಗಿನ ಒತ್ತುಗಳು ಕತ್ತರಿಸಿಹೋದರೂ ಎತ್ತರದ ಲೆಕ್ಕ ಸರಿಯಾಗಿಯೇ ಇರುತ್ತದೆ. ಅಲ್ಲಿ ಸಾಲಿನ ಅಂತರವನ್ನು ಹೆಚ್ಚಿಸಿ, ಫಲಿತಾಂಶವನ್ನು ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಂಡೆ.