ಹೊಸ ಹಾಡು ಹುಡುಕಲು ಟ್ಯಾಗ್: ಲಾಸ್ಟ್.ಎಫ್‌ಎಂ ಸರಿಯೋ, ಬ್ಯಾಂಡ್‌ಕ್ಯಾಂಪೋ?

ಟ್ಯಾಗ್ ಎಂದರೆ ಹಾಡಿಗೋ ಕಲಾವಿದರಿಗೋ ಅಂಟಿಸುವ ಗುರುತುಪದ. ವ್ಯತ್ಯಾಸವೆಲ್ಲ ಅದನ್ನು ಅಂಟಿಸುವವರು ಯಾರು ಎಂಬುದರಲ್ಲಿದೆ. ಕೇಳಿದ ಹಾಡುಗಳ ದಾಖಲೆ ಇಡುವ, 2002ರಲ್ಲಿ ಶುರುವಾದ ಜಾಲತಾಣ ಲಾಸ್ಟ್.ಎಫ್‌ಎಂನಲ್ಲಿ ಆ ಕೆಲಸ ಕೇಳುಗರದು. ಹೆಚ್ಚು ಜನ ಹಾಕಿದ್ದು ಮೇಲೆ ಬರುತ್ತದೆ. ಹಾಗಾಗಿ ‘ಶೂಗೇಜ್’ (ಗಿಟಾರ್ ಸದ್ದಿನಲ್ಲಿ ದನಿ ಮುಳುಗಿಹೋಗುವ ರಾಕ್ ಪ್ರಕಾರ) ಒತ್ತಿದರೆ ಮೊದಲು ಸಿಗುವವರು ಹೆಸರಾದವರೇ. ಒಂದು ಪ್ರಕಾರಕ್ಕೆ ಈಗಷ್ಟೇ ಕಾಲಿಡುವವರಿಗೆ ಇದು ಒಳ್ಳೆಯದೇ. ಆದರೆ ‘ಸೀನ್ ಲೈವ್’ ಎಂಬ ಟ್ಯಾಗ್ ನೋಡಿ: ಯಾರೋ ಆ ಕಲಾವಿದರ ಸಂಗೀತ ಕಛೇರಿಗೆ ಹೋಗಿದ್ದರು ಎಂಬುದಷ್ಟೇ ಗೊತ್ತಾಗುತ್ತದೆ! ಒಂದೇ ಹೆಸರಿನ ಇಬ್ಬರು ಕಲಾವಿದರಿಗೆ ಪುಟವೂ ಒಂದೇ ಆದ್ದರಿಂದ ಟ್ಯಾಗೆಲ್ಲ ಕಲಸುಮೇಲೋಗರ.

ಕಲಾವಿದರು ತಮ್ಮ ಹಾಡುಗಳನ್ನು ನೇರವಾಗಿ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಟ್ಯಾಗ್ ಹಾಕುವವರು ಆ ಕಲಾವಿದರೇ, ಎಷ್ಟೋ ಸಲ ಊರಿನ ಹೆಸರೂ ಸೇರಿಸಿ. ‘ಬೆಂಗಳೂರು’, ‘ಬ್ಯಾಂಗಲೋರ್’ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬೇರೆಬೇರೆಯಾಗಿ ಹುಡುಕಿ. ಫಲಿತಾಂಶ ಒಂದೇ ಇರುವುದಿಲ್ಲ. ಹೆಚ್ಚು ಮಾರಾಟವಾದದ್ದರ ಬದಲು ಹೊಸ ಬಿಡುಗಡೆಯ ಕ್ರಮ ಆರಿಸಿದರೆ ಅಪರಿಚಿತರು ಕಣ್ಣಿಗೆ ಬೀಳುತ್ತಾರೆ. ‘ಎಕ್ಸ್‌ಪೆರಿಮೆಂಟಲ್’ ಮಾತ್ರ ಒತ್ತಬೇಡಿ, ಅದನ್ನು ಹಾಕಿಕೊಳ್ಳದವರೇ ಕಡಿಮೆ.