ಬಿಷಪ್‌ಅಕೌಂಟಬಿಲಿಟಿ ಜಾಲತಾಣ: ನೋಡಲು ಹಳೆಯದು, ಒಳಗೆ ಕಡತಗಳ ರಾಶಿ

ಅಮೆರಿಕದ ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳು (ಒಬ್ಬೊಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶಗಳು) ಪಾದ್ರಿಗಳ ಲೈಂಗಿಕ ದೌರ್ಜನ್ಯದ ಕೇಸುಗಳಿಂದಾಗಿ ಒಂದರ ಹಿಂದೆ ಒಂದು ಯಾಕೆ ದಿವಾಳಿ ಅರ್ಜಿ ಹಾಕುತ್ತಿವೆ ಎಂದು ತಿಳಿಯಬೇಕಾದರೆ ನಾನು ಮೊದಲು ತೆರೆಯುವುದು ಬಿಷಪ್‌ಅಕೌಂಟಬಿಲಿಟಿ ಡಾಟ್ ಆರ್ಗ್, ಈ ದೌರ್ಜನ್ಯದ ದಾಖಲೆಗಳನ್ನು ಕೂಡಿಡುವ ಜಾಲತಾಣ. ಬಾಸ್ಟನ್ನಿನಲ್ಲಿ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಚರ್ಚು ಮುಚ್ಚಿಟ್ಟ ಹಗರಣ ಬಯಲಾದ ಮರುವರ್ಷ, 2003ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಇದು ನಡೆಯುವುದು ದೇಣಿಗೆಯಿಂದ. ಓದಲು ದುಡ್ಡು ಕೊಡಬೇಕಿಲ್ಲ.

ಸುಮ್ನೆ ಹೊಗಳುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ಎಂದೇ ಮೊದಲು ಗೊತ್ತಾಗುವುದಿಲ್ಲ. ಕೊಂಡಿ ಒತ್ತಿದರೆ ಇನ್ನೊಂದು ಕೊಂಡಿಗಳ ಪುಟ. ಸ್ಕ್ಯಾನ್ ಮಾಡಿದ ಹಳೆ ಪತ್ರಗಳನ್ನು ಫೋನಿನಲ್ಲಿ ಓದುವುದಂತೂ ಕಣ್ಣಿಗೆ ಶಿಕ್ಷೆ.

ಆದರೆ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಧರ್ಮಪ್ರಾಂತ್ಯದ ಕಡತಗಳಿಗೆ ಹೋಗಿ ನೋಡಿ. 2007ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಆಗಿದ್ದ ಟಿಮೊಥಿ ಡೋಲನ್ ಸುಮಾರು 5.7 ಕೋಟಿ ಡಾಲರನ್ನು ಸ್ಮಶಾನ ನಿರ್ವಹಣೆಯ ಟ್ರಸ್ಟಿಗೆ ವರ್ಗಾಯಿಸಲು ಅನುಮತಿ ಕೇಳಿ ವ್ಯಾಟಿಕನ್‌ಗೆ ಬರೆದರು, ಹಾಗೆ ಮಾಡಿದರೆ ಕೋರ್ಟ್ ಕೇಸುಗಳಿಂದ ಹಣಕ್ಕೆ ಹೆಚ್ಚಿನ ರಕ್ಷಣೆ ಸಿಗುತ್ತದೆ ಎಂಬ ಮಾತೂ ಆ ಪತ್ರದಲ್ಲೇ ಇತ್ತು. ಅನುಮತಿ ಬೇಗನೆ ಬಂತು. 2011ರಲ್ಲಿ ಮಿಲ್ವಾಕಿ ದಿವಾಳಿ ಅರ್ಜಿ ಹಾಕಿತು. ಪತ್ರ ಹೊರಗೆ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಡೋಲನ್ ನ್ಯೂಯಾರ್ಕಿನಲ್ಲಿ ಕಾರ್ಡಿನಲ್, ಅಂದರೆ ಪೋಪರ ನಂತರದ ದರ್ಜೆ! 2015ರ ರಾಜಿಯಲ್ಲಿ ಸುಮಾರು 330 ಸಂತ್ರಸ್ತರಿಗೆ ಸಿಕ್ಕಿದ್ದು ಒಟ್ಟು 2.1 ಕೋಟಿ ಡಾಲರ್. ಸ್ಮಶಾನದ ಟ್ರಸ್ಟಿನ ಮೊತ್ತದ ಪಕ್ಕದಲ್ಲಿಟ್ಟು ನೋಡಿದರೆ ಸಿಟ್ಟು ಬರುತ್ತದೆ, ಅಲ್ವಾ?

ದಿವಾಳಿ ಅಂದರೆ ಚರ್ಚಿಗೆ ಬೀಗ ಬಿತ್ತು ಎಂದಲ್ಲ. ಸಾಲ ತೀರಿಸುವ ಯೋಜನೆ ಮಾಡಿಕೊಂಡು ಸಂಸ್ಥೆ ಮುಂದುವರಿಯಲು ಬಿಡುವ ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 11 ಅಡಿಯಲ್ಲಿ ಬಲಿಪೂಜೆ (ಚರ್ಚಿನ ಪ್ರಾರ್ಥನಾ ವಿಧಿ), ಶಾಲೆ ಎಲ್ಲ ನಡೆಯುತ್ತಲೇ ಇರುತ್ತವೆ. ನಿಲ್ಲುವುದು ಧರ್ಮಪ್ರಾಂತ್ಯದ ಮೇಲಿನ ಮೊಕದ್ದಮೆಗಳು. ಮೊದಲು ಈ ದಾರಿ ಹಿಡಿದದ್ದು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್, 2004ರ ಜುಲೈನಲ್ಲಿ, ಒಂದು ಕೇಸಿನ ವಿಚಾರಣೆ ಶುರುವಾಗಬೇಕಿದ್ದ ದಿನವೇ. ಆಮೇಲೆ ಕೋರ್ಟು ಒಂದು ಕೊನೇ ದಿನಾಂಕ ಹಾಕುತ್ತದೆ, ಸಂತ್ರಸ್ತರು ಅದರೊಳಗೆ ಕ್ಲೇಮು ಸಲ್ಲಿಸಬೇಕು, ವಿಮಾ ಕಂಪನಿಗಳು ಎಷ್ಟು ಕೊಡಬೇಕು ಎಂದು ವರ್ಷಗಟ್ಟಲೆ ಜಗ್ಗಾಡುತ್ತವೆ, ಇಷ್ಟರಲ್ಲಿ ವಕೀಲರ ಬಿಲ್ಲು ಬೆಳೆಯುತ್ತಾ ಹೋಗುತ್ತದೆ. ಬಿಷಪ್ಪರನ್ನು ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುವ ಅವಕಾಶ ಬಹುಪಾಲು ತಪ್ಪಿಹೋಗುತ್ತದೆ. ಕಡತಗಳು ಕಪಾಟಿನಲ್ಲೇ ಉಳಿಯುತ್ತವೆ. ಈ ಜಾಲತಾಣದ ಬೆಲೆ ಗೊತ್ತಾಗುವುದು ಇಲ್ಲೇ. ಒಮ್ಮೆ ಹೊರಗೆ ಬಂದ ಕಾಗದವನ್ನು ಇವರು ಕಳೆದುಹೋಗಲು ಬಿಡುವುದಿಲ್ಲ.

ಆರೋಪಿತ ಪಾದ್ರಿಗಳ ಪಟ್ಟಿಯೇ ಇಲ್ಲಿ ಎಲ್ಲರೂ ಮೊದಲು ನೋಡುವ ಭಾಗ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಅಪರಾಧ ಸಾಬೀತಾದಂತಲ್ಲ, ಇದನ್ನು ಅವರೇ ಹೇಳುತ್ತಾರೆ. ಹೆಸರು ನೋಡಿ ಅಷ್ಟಕ್ಕೇ ತೀರ್ಪು ಕೊಡಬೇಡಿ, ಜೊತೆಗಿರುವ ವರದಿಯನ್ನೂ ಓದಿ.

ನನಗೆ ಇನ್ನೂ ಸಮಾಧಾನವಿಲ್ಲದ್ದು ದುಡ್ಡಿನ ಲೆಕ್ಕದಲ್ಲಿ. ರಾಜಿಯ ಮೊತ್ತಗಳು ಇವೆ, ಆದರೆ ಅದರಲ್ಲಿ ವಿಮೆಯದೆಷ್ಟು, ಆಸ್ತಿ ಮಾರಿದ್ದೆಷ್ಟು, ವಕೀಲರಿಗೆ ಹೋದದ್ದೆಷ್ಟು ಎಂದು ಹೋಲಿಸಬೇಕಾದರೆ ಹತ್ತಾರು ವರದಿ ತೆರೆದು ನೀವೇ ಕೂಡಿಸಿ ಕಳೆಯಬೇಕು. ಲಾಸ್ ಏಂಜಲೀಸ್ ದಿವಾಳಿ ಅರ್ಜಿ ಹಾಕದೆಯೇ 2007ರಲ್ಲಿ 66 ಕೋಟಿ, 2024ರಲ್ಲಿ 88 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ನ್ಯೂಯಾರ್ಕ್ ರಾಜ್ಯದ ರಾಕ್‌ವಿಲ್ ಸೆಂಟರ್ ಧರ್ಮಪ್ರಾಂತ್ಯ 2020ರಲ್ಲಿ ಅರ್ಜಿ ಹಾಕಿ, ನಾಲ್ಕು ವರ್ಷ ಎಳೆದು, ಸುಮಾರು 600 ಸಂತ್ರಸ್ತರಿಗೆ ಒಟ್ಟು 32.3 ಕೋಟಿ ಡಾಲರ್ ಕೊಡಲು ಒಪ್ಪಿತು. ಇಂಥ ಎರಡು ದಾರಿಗಳನ್ನು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು!

ಈಗ ನಡೆಯುತ್ತಿರುವ ದಿವಾಳಿ ಕೇಸಿನ ತಾಜಾ ಅರ್ಜಿ, ಆದೇಶ ಬೇಕಾದವರು ಆ ಕೇಸಿಗೆಂದೇ ಕ್ಲೇಮು ನಿರ್ವಹಿಸುವ ಕಂಪನಿ ತೆರೆದಿರುವ ಪುಟ ನೋಡುವುದು ಒಳ್ಳೆಯದು, ಅಲ್ಲೂ ದುಡ್ಡಿಲ್ಲದೆ ಓದಬಹುದು. ಹಳೆಯ ಪತ್ರ, ಗ್ರ್ಯಾಂಡ್ ಜ್ಯೂರಿ (ಅಪರಾಧದ ತನಿಖೆ ಮಾಡುವ ನಾಗರಿಕರ ಮಂಡಳಿ) ವರದಿಗಳಿಗೆ ಇಲ್ಲಿಗೇ ಬನ್ನಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆಯಾದದ್ದು ಆ ಕೋಷ್ಟಕಕ್ಕೆ.